ಎರವಿನ ಎಂಜಿನ್, ಎರವಿನ ಸ್ವಾತಂತ್ರ್ಯ

ಯಲಹಂಕದ ಸುತ್ತಣ ಸದ್ಭಕ್ತರಿಗೆ ವೈಮಾನಿಕ ಪ್ರದರ್ಶನವೆಂದರೆ ಜಾತ್ರೆಯ ಸಂಭ್ರಮ. 2025ರ ಫೆಬ್ರವರಿಯಲ್ಲಿ ಅಮೆರಿಕದ ಎಫ್-35, ರಷ್ಯದ ಸು-57 ಯುದ್ಧವಿಮಾನಗಳೆರಡೂ ಅಲ್ಲಿನ ವಾಯುನೆಲೆಗೆ ಬಂದಿಳಿದವು. ಅಂದಿನಿಂದ ಮಠಕ್ಕೆ ಬರುವ ವಿದ್ಯಾವಂತರು ಕೇಳುವುದು ಒಂದೇ ಮಾತು: ಬುದ್ಧಿ, ಇವೆರಡರಲ್ಲಿ ನಾವು ಯಾವುದನ್ನು ಕೊಳ್ಳಬೇಕು?

ಪ್ರಶ್ನೆಯೇ ತಪ್ಪೆಂಬುದು ನಮ್ಮ ಅಭಿಪ್ರಾಯ. ಯಾರ ಕೈಯಿಂದ ಕೊಳ್ಳಬೇಕೆಂದು ಚರ್ಚಿಸುವ ರಾಷ್ಟ್ರವು ಯಾರ ಮುಂದೆ ಕೈಯೊಡ್ಡಬೇಕೆಂದು ಚರ್ಚಿಸುತ್ತಿದೆಯೆಂದೇ ಅರ್ಥ.

ಇದಕ್ಕೆ ಸಾಕ್ಷಿ ಬೆಂಗಳೂರಿನಲ್ಲಿಯೇ ಇದೆ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಇಲ್ಲಿಯ ವಿಮಾನ ಕಾರ್ಖಾನೆಯಲ್ಲಿ ರೂಪುಗೊಂಡ ‘ಮಾರುತ್’ 1961ರ ಜೂನ್ 17ರಂದು ಮೊದಲು ಹಾರಿತು. ಅದಕ್ಕೆ ತಕ್ಕ ಎಂಜಿನ್ ಬ್ರಿಟನ್ನಿನಲ್ಲಿ ಸಿದ್ಧವಾಗಬೇಕಿತ್ತು. ಅದರ ವೆಚ್ಚ ಭರಿಸಲು ದೆಹಲಿಯು ಹಿಂಜರಿಯಿತು. ಸುಂದರ ದೇಹಕ್ಕೆ ದುರ್ಬಲ ಹೃದಯವಿತ್ತಂತಾಯಿತು. ಆದರೂ ಆ ವಿಮಾನವು 1971ರ ಯುದ್ಧದಲ್ಲಿ ಕಾದಾಡಿತು. ಸುಮಾರು 147ರಷ್ಟು ನಿರ್ಮಾಣವಾಗಿ ಅಲ್ಲಿಗೇ ಅದರ ವಂಶ ಮುಗಿಯಿತು. ಅಂದು ಉಳಿಸಿದ ಹಣದ ಬಡ್ಡಿಯನ್ನು ನಾವು ಇಂದಿಗೂ ತೆರುತ್ತಿದ್ದೇವೆ.

1998ರ ಪೋಖ್ರಾನ್ ಪರೀಕ್ಷೆಗಳ ನಂತರ ಅಮೆರಿಕವು ನಿರ್ಬಂಧ ಹೇರಿದಾಗ ತೇಜಸ್ ವಿಮಾನದ ನಿಯಂತ್ರಣ ವ್ಯವಸ್ಥೆಗಾಗಿ ಅಲ್ಲಿಗೆ ಹೋಗಿದ್ದ ನಮ್ಮ ತಂತ್ರಜ್ಞರು ಬರಿಗೈಯಲ್ಲಿ ಮರಳಬೇಕಾಯಿತು. ಕೆಲಸವನ್ನು ಬೆಂಗಳೂರಿನಲ್ಲಿಯೇ ಮುಗಿಸಿದರು. 2001ರ ಜನವರಿ 4ರಂದು ವಿಮಾನ ಹಾರಿತು. ಬಾಗಿಲು ಮುಚ್ಚಿದ್ದು ಒಂದರ್ಥದಲ್ಲಿ ಉಪಕಾರವೇ ಆಯಿತು. ಆದರೆ ಎಂಜಿನ್ನಿನ ವಿಷಯದಲ್ಲಿ ಆ ಛಲ ಕಾಣಲಿಲ್ಲ. 1989ರಲ್ಲಿ ಮಂಜೂರಾದ ‘ಕಾವೇರಿ’ ಎಂಜಿನ್ 2008ರಲ್ಲಿ ತೇಜಸ್ ಯೋಜನೆಯಿಂದ ಬೇರ್ಪಟ್ಟಿತು. 2021ರಲ್ಲಿ ಇದೇ ಯಲಹಂಕದಲ್ಲಿ 83 ತೇಜಸ್ ವಿಮಾನಗಳ ಒಪ್ಪಂದಕ್ಕೆ ಸಹಿಯಾಯಿತು; ಅಮೆರಿಕದ 99 ಎಂಜಿನ್‌ಗಳಲ್ಲಿ ಮೊದಲನೆಯದು ಹೊರಟದ್ದು 2025ರ ಮಾರ್ಚ್‌ನಲ್ಲಿ. ಆ ವರ್ಷವೇ ಆಗಸ್ಟ್‌ನಲ್ಲಿ, ರಷ್ಯದ ತೈಲ ಕೊಂಡ ‘ಅಪರಾಧ’ವನ್ನೂ ಸೇರಿಸಿ, ಅಮೆರಿಕವು ನಮ್ಮ ಸರಕುಗಳ ಮೇಲೆ ಶೇಕಡಾ 50ರಷ್ಟು ಸುಂಕ ವಿಧಿಸಿತು. ಎಂಜಿನ್ ಪೂರೈಕೆಯನ್ನು ನಿಲ್ಲಿಸಲಿಲ್ಲ, ನಿಜ. ನಿಲ್ಲಿಸಬಲ್ಲದೆಂಬುದು ಉಭಯ ದೇಶಗಳಿಗೂ ಗೊತ್ತಿದ್ದರೆ ಸಾಕಲ್ಲವೆ? ನವೆಂಬರಿನಲ್ಲಿ ನಾವು ಅದೇ ಅಂಗಡಿಯಲ್ಲಿ ಇನ್ನೂ 113 ಎಂಜಿನ್‌ಗಳಿಗೆ ಬೇಡಿಕೆಯಿತ್ತೆವು.

ಜಗತ್ತೇ ಒಂದು ಮಾರುಕಟ್ಟೆಯಾಗಿರುವಾಗ ಸ್ವಾವಲಂಬನೆಯೆಂಬುದು ಹಳೆಯ ಕಾಲದ ಜಪವೆನ್ನುವ ಪಂಡಿತರಿದ್ದಾರೆ. ರಷ್ಯದಿಂದ 2018ರಲ್ಲಿ ಕೊಂಡ ಎಸ್-400 ಕ್ಷಿಪಣಿ ವ್ಯವಸ್ಥೆಗಳು ಉಕ್ರೇನ್ ಯುದ್ಧದ ದೆಸೆಯಿಂದ ತಡವಾದಾಗ ಆ ಮಾರುಕಟ್ಟೆ ಎಲ್ಲಿತ್ತು? ಇನ್ನು ನಮ್ಮ ರಾಜಕೀಯ ಪಕ್ಷಗಳು. ಆಳುವವರು ವಿಮಾನದ ಮುಂದೆ ಭಾವಚಿತ್ರ ತೆಗೆಸಿಕೊಳ್ಳುತ್ತಾರೆ. ವಿರೋಧಿಗಳು ಅದರ ಬೆಲೆಯನ್ನು ಹಿಡಿದು ಜಗ್ಗುತ್ತಾರೆ. ಎಂಜಿನ್ನಿಗೆ ಇಪ್ಪತ್ತು ವರ್ಷ ಬೇಕು, ಚುನಾವಣೆಗೆ ಐದೇ ವರ್ಷ. ಆದುದರಿಂದ ಆ ಮಾತನ್ನು ಎತ್ತುವವರಿಲ್ಲ.

ತಪ್ಪು ನಮ್ಮಲ್ಲೂ ಇದೆ. ನಮ್ಮ ವಿದ್ಯಾರ್ಥಿನಿಲಯದ ಬುದ್ಧಿವಂತ ಮಕ್ಕಳು ಗಣಕಯಂತ್ರದ ಕಡೆಗೆ ಸಾಲುಗಟ್ಟಿದಾಗ ನಾವೂ ಹರಸಿ ಕಳುಹಿಸಿದೆವು. ಲೋಹವಿಜ್ಞಾನ ಓದುತ್ತೇನೆಂದವನನ್ನು, ಕೆಲಸ ಸಿಕ್ಕೀತೇನಪ್ಪ ಎಂದು ಕೇಳಿದವರೂ ನಾವೇ. ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಳೆಯ ವಿದ್ಯಾರ್ಥಿಗಳು ಈ ಪತ್ರಿಕೆಯ ಓದುಗರಲ್ಲಿದ್ದಾರೆ. ನಮ್ಮ ಮಾತು ಎಲ್ಲಾದರೂ ತಪ್ಪಿದ್ದರೆ ಅವರು ಸಂಕೋಚವಿಲ್ಲದೆ ಬರೆಯಲಿ; ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.