ಯುದ್ಧದ ಕಥೆ ಮಕ್ಕಳಿಗೆ ಬೇಡವೇ?

ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ನಮ್ಮ ಮನೆಗಳಲ್ಲಿ ಆಂಗ್ಲ ಮಾಧ್ಯಮದಲ್ಲಿ ಕಲಿಯುವ ಮಕ್ಕಳಿಗೆ ಕೊರತೆಯಿಲ್ಲ. ಅವರ ಅಂಕಪಟ್ಟಿಯನ್ನು ತಪ್ಪದೆ ನೋಡುವ ಹೆತ್ತವರು ಅವರು ಓದುವ ಕಾದಂಬರಿಯನ್ನು ತೆರೆದು ನೋಡುವುದು ಅಪರೂಪ. ಐರಿಷ್ ಲೇಖಕ ಜಾನ್ ಬಾಯ್ನ್ 2006ರಲ್ಲಿ ಪ್ರಕಟಿಸಿದ ‘ದಿ ಬಾಯ್ ಇನ್ ದಿ ಸ್ಟ್ರೈಪ್ಡ್ ಪೈಜಾಮಾಸ್’ ತೆರೆದು ನೋಡಲೇಬೇಕಾದ ಕೃತಿ. 2008ರಲ್ಲಿ ಅದು ಚಲನಚಿತ್ರವೂ ಆಯಿತು. ನಾಝಿ ಶಿಬಿರದ ಮುಖ್ಯಾಧಿಕಾರಿಯ ಒಂಬತ್ತು ವರ್ಷದ ಮಗನಿಗೆ ಬೇಲಿಯಾಚೆಯ ಯಹೂದಿ ಬಾಲಕನೊಂದಿಗೆ ಸ್ನೇಹವಾಗುತ್ತದೆ. ಕೊನೆಗೆ ಇಬ್ಬರೂ ವಿಷಾನಿಲಕ್ಕೆ ಬಲಿಯಾಗುತ್ತಾರೆ.

ಇಷ್ಟೊಂದು ಕ್ರೌರ್ಯ ಮಕ್ಕಳಿಗೇಕೆ ಎಂಬುದು ಹೆತ್ತವರ ಮೊದಲ ಆಕ್ಷೇಪವಾಗಬಹುದು. ಆದರೆ ಯುದ್ಧ ನಮ್ಮ ಕರಾವಳಿಯ ಮನೆಗಳಿಗೆ ಅಪರಿಚಿತವಲ್ಲ. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ಸ್ವದೇಶಕ್ಕೆ ಕರೆತರಲಾಯಿತು. ಗಳಿಕೆಯನ್ನೆಲ್ಲ ಅಲ್ಲೇ ಬಿಟ್ಟು ಬಂದವರಲ್ಲಿ ನಮ್ಮ ಜಿಲ್ಲೆಗಳವರೂ ಇದ್ದರು. ಇಂದು ಗಾಝಾದ ದೃಶ್ಯಗಳು ಮಕ್ಕಳ ಕೈಯಲ್ಲಿರುವ ಮೊಬೈಲಿಗೇ ಬರುತ್ತವೆ. ಹೀಗಿರುವಾಗ ಕಥೆಯನ್ನು ಮಾತ್ರ ಬಚ್ಚಿಟ್ಟು ಪ್ರಯೋಜನವಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಸೂಕ್ಷ್ಮವಾದುದು. 2023ರ ಅಕ್ಟೋಬರ್‌ನಲ್ಲಿ ಆರಂಭವಾದ ಯುದ್ಧದಲ್ಲಿ ಗಾಝಾದ ಸಾವಿರಾರು ಮಕ್ಕಳು ಸತ್ತಿರುವಾಗ ಯಹೂದಿಗಳ ನೋವನ್ನು ನಮ್ಮ ಮಕ್ಕಳೇಕೆ ಓದಬೇಕು? ಓದಬೇಕೆಂದೇ ನಾವು ಹೇಳುತ್ತೇವೆ. ದ್ವೇಷವಿರುವಲ್ಲಿಯೂ ನ್ಯಾಯ ಬಿಡಬಾರದೆಂಬುದು ಪವಿತ್ರ ಕುರ್‌ಆನಿನ ಬೋಧನೆ. ಆಶ್‌ವಿಟ್ಝ್ ಶಿಬಿರದಲ್ಲಿ ಸುಮಾರು 11 ಲಕ್ಷ ಜನರ ಕೊಲೆಯಾಯಿತು. ಅವರಲ್ಲಿ ಸುಮಾರು 10 ಲಕ್ಷ ಮಂದಿ ಯಹೂದಿಗಳು. ಆ ಮಕ್ಕಳಿಗಾಗಿ ಮರುಗದ ಮನಸ್ಸು ಗಾಝಾದ ಮಕ್ಕಳ ಪರವಾಗಿ ಆಡುವ ಮಾತಿಗೆ ನೈತಿಕ ಬಲವಿರದು.

ಹಾಗಾದರೆ ಈ ಕಾದಂಬರಿ ಯೋಗ್ಯವೇ? ನಮ್ಮ ಆಕ್ಷೇಪ ಅದರ ಕ್ರೌರ್ಯದ ಬಗೆಗಲ್ಲ, ಅದರ ಅಸತ್ಯದ ಬಗೆಗೆ. ದುಡಿಯಲಾಗದ ಎಳೆಯ ಮಕ್ಕಳಲ್ಲಿ ಹೆಚ್ಚಿನವರನ್ನು ಶಿಬಿರಕ್ಕೆ ತಂದ ಕೂಡಲೇ ಕೊಲ್ಲಲಾಗುತ್ತಿತ್ತು. ಬೇಲಿಯಲ್ಲಿ ವಿದ್ಯುತ್ ಹರಿಯುತ್ತಿತ್ತು, ಸುತ್ತಲೂ ಕಾವಲಿತ್ತು. ಅಲ್ಲಿ ದಿನದಿನವೂ ಕುಳಿತು ಹರಟುವುದು ಅಸಾಧ್ಯ. ಯಹೂದಿ ದ್ವೇಷವನ್ನು ಶಾಲೆಯಲ್ಲೇ ಕಲಿಸುತ್ತಿದ್ದ ನಾಡಿನಲ್ಲಿ ಅಧಿಕಾರಿಯ ಮಗ ಏನೂ ಅರಿಯದವನಾಗಿರುವುದೂ ನಂಬತಕ್ಕದ್ದಲ್ಲ. ಕೊನೆಯಲ್ಲಿ ಓದುಗನ ಕಣ್ಣೀರು ಹೆಚ್ಚಾಗಿ ಹರಿಯುವುದು ಅಧಿಕಾರಿಯ ಮನೆಯ ದುಃಖಕ್ಕೆ. ಈ ಇತಿಹಾಸವನ್ನು ಕಲಿಯುವವರೂ ಕಲಿಸುವವರೂ ಆ ಕೃತಿಯಿಂದ ದೂರವಿರಬೇಕೆಂದು ಆಶ್‌ವಿಟ್ಝ್ ಸ್ಮಾರಕ ಸಂಸ್ಥೆಯೇ 2020ರ ಜನವರಿಯಲ್ಲಿ ಹೇಳಿತು. ಲೇಖಕರು ಅದನ್ನು ನೀತಿಕಥೆಯೆಂದು ಕರೆದಿದ್ದಾರೆ, ನಿಜ. ಆದರೆ ಬೇರೇನೂ ಓದಿರದ ಮಗು ಅದನ್ನೇ ಚರಿತ್ರೆಯೆಂದು ಭಾವಿಸುತ್ತದೆ.

ಆದುದರಿಂದ ನಿಷೇಧ ನಮ್ಮ ಸಲಹೆಯಲ್ಲ. ಹನ್ನೆರಡರೊಳಗಿನ ಮಕ್ಕಳಿಗೆ ಅದನ್ನು ಕೊಡದಿರುವುದು ಲೇಸು. ದೊಡ್ಡ ಮಕ್ಕಳು ಮೊದಲು ಆನ್ ಫ್ರಾಂಕಳ ದಿನಚರಿಯನ್ನು ಓದಲಿ. 1942ರಿಂದ 1944ರವರೆಗೆ ಆಮ್‌ಸ್ಟರ್‌ಡ್ಯಾಮಿನ ಅಡಗುತಾಣಗಳಲ್ಲೊಂದರಲ್ಲಿ ಅದನ್ನು ಬರೆದ ಬಾಲೆ 1945ರಲ್ಲಿ, ಹದಿನೈದನೇ ವಯಸ್ಸಿನಲ್ಲಿ, ಬರ್ಗನ್-ಬೆಲ್ಸನ್ ಶಿಬಿರದಲ್ಲಿ ತೀರಿಕೊಂಡಳು. ಅಲ್ಲಿ ಮಾತನಾಡುವುದು ನೊಂದವಳೇ. ಬಳಿಕ ಕಾದಂಬರಿಯನ್ನು ಓದಿದರೆ ಎಲ್ಲಿ ಸತ್ಯ, ಎಲ್ಲಿ ಕಲ್ಪನೆ ಎಂಬುದು ಮಕ್ಕಳಿಗೇ ತಿಳಿದೀತು.

ಹೆತ್ತವರು ಮಾಡಬೇಕಾದುದು ಇಷ್ಟೇ: ಮಗುವಿಗಿಂತ ಮೊದಲು ಪುಸ್ತಕವನ್ನು ತಾವು ಓದುವುದು, ಓದಿದ ಮೇಲೆ ಅದರ ಜೊತೆ ಕುಳಿತು ಮಾತನಾಡುವುದು. ಬೇಲಿಯಾಚೆಯ ಮಗುವೂ ನಮ್ಮದೇ ಎಂಬ ಅರಿವನ್ನು ಯಾವ ಪುಸ್ತಕವೂ ತಾನೊಂದೇ ಮೂಡಿಸಲಾರದು. ಅದು ಮನೆಯ ಮಾತಿನಿಂದಲೇ ಬೆಳೆಯಬೇಕು.