ಆಯ್ಕೆ ಪಟ್ಟಿಯಲ್ಲಿ ಹೆಸರಿಲ್ಲದವರು

ಕ್ರೀಡೆಯ ಕಥೆ ಎಂದರೆ ನಮಗೆಲ್ಲ ಗೊತ್ತಿರುವುದು ಒಂದೇ ಬಗೆ. ಬಡ ಹುಡುಗ, ಕಟ್ಟುನಿಟ್ಟಿನ ಕೋಚ್, ಕೊನೆಯ ಓವರ್, ಸಿಕ್ಸರ್, ಚಪ್ಪಾಳೆ. ನೆಟ್‌ಫ್ಲಿಕ್ಸ್‌ನ ‘ಸೆಲೆಕ್ಷನ್ ಡೇ’ ಸರಣಿ ಅಷ್ಟಕ್ಕೇ ನಿಲ್ಲುವುದಿಲ್ಲ. 2018ರ ಡಿಸೆಂಬರ್‌ನಲ್ಲಿ ಅದರ ಮೊದಲ ಭಾಗ ಬಂತು, 2019ರ ಏಪ್ರಿಲ್‌ನಲ್ಲಿ ಎರಡನೆಯದು. ಮಂಗಳೂರಿನಲ್ಲಿ ಬೆಳೆದು, 2008ರಲ್ಲಿ ಬೂಕರ್ ಪ್ರಶಸ್ತಿ ಪಡೆದ ಅರವಿಂದ ಅಡಿಗರ ಕಾದಂಬರಿ ಇದಕ್ಕೆ ಆಧಾರ. ಕಾದಂಬರಿಯಲ್ಲಿರುವುದು ಪಶ್ಚಿಮ ಘಟ್ಟದ ಸೀಮೆಯಿಂದ ಮುಂಬೈಗೆ ವಲಸೆ ಹೋದ ಕನ್ನಡದ ಕುಟುಂಬ. ಸರಣಿ ಹಿಂದಿಯಲ್ಲಿದ್ದರೂ ಅದು ಎತ್ತುವ ಪ್ರಶ್ನೆಗಳು ನಮ್ಮ ಮನೆಯವೇ.

ರಾಧಾ ಮತ್ತು ಮಂಜು ಅಣ್ಣ ತಮ್ಮಂದಿರು. ಇಬ್ಬರೂ ದೊಡ್ಡ ಬ್ಯಾಟ್ಸ್‌ಮನ್‌ಗಳಾಗಬೇಕೆಂದು ತಂದೆ ಮೋಹನ್ ಕುಮಾರ್ ತೀರ್ಮಾನಿಸಿಬಿಟ್ಟಿದ್ದಾನೆ. ಅವನು ಕೆಟ್ಟವನಲ್ಲ. ಬಡತನದಿಂದ ಹೊರಬರಲು ಅವನಿಗೆ ಕಾಣುವ ದಾರಿ ಕ್ರಿಕೆಟ್ ಒಂದೇ. ಆದರೆ ಮಕ್ಕಳ ಬದುಕಿನ ಸಣ್ಣಪುಟ್ಟ ಸಂಗತಿಗೂ ಅವನದೇ ಕಟ್ಟಳೆ. ಮಂಜುಗೆ ವಿಜ್ಞಾನ ಇಷ್ಟ, ಅದನ್ನು ಕೇಳುವವರಿಲ್ಲ.

ಸರಣಿಯಲ್ಲಿ ನನಗೆ ಮುಖ್ಯವೆನಿಸಿದ್ದು ಹಣದ ವ್ಯವಹಾರ. ಹಣವಂತನೊಬ್ಬ ಹುಡುಗರ ಖರ್ಚಿಗೆ ದುಡ್ಡು ಕೊಟ್ಟು ಅವರ ಮುಂದಿನ ಗಳಿಕೆಯಲ್ಲಿ ಪಾಲು ಕೇಳುತ್ತಾನೆ. ಒಪ್ಪುವವನು ತಂದೆ, ತೀರಿಸಬೇಕಾದವರು ಮಕ್ಕಳು. ಹೊಲದ ಮೇಲೆ ಸಾಲ ಮಾಡಿ ಎಂಜಿನಿಯರಿಂಗ್ ಸೀಟು ಕೊಡಿಸುವಾಗ, ಪರೀಕ್ಷೆಯ ತಯಾರಿಗೆಂದು ಧಾರವಾಡದಲ್ಲಿ ರೂಮು ಹಿಡಿದು ಕೊಡುವಾಗ ನಮ್ಮಲ್ಲೂ ನಡೆಯುವುದು ಬಹುಮಟ್ಟಿಗೆ ಇದೇ. ಬ್ಯಾಂಕಿನ ಸಾಲಕ್ಕೆ ಕಾಗದವಿರುತ್ತದೆ, ಅಪ್ಪನ ಋಣಕ್ಕೆ ಇರುವುದಿಲ್ಲ. ಹಾಗಾಗಿಯೇ ‘ಇದು ನನಗೆ ಬೇಡ’ ಎನ್ನಲು ಬಾಯಿ ಬರುವುದಿಲ್ಲ.

ಮೊದಮೊದಲು ಎಲ್ಲರ ನಿರೀಕ್ಷೆ ರಾಧಾ ಮೇಲೆ. ಕ್ರಮೇಣ ತಮ್ಮನೇ ಅವನನ್ನು ಮೀರಿಸುತ್ತಾನೆ. ಒಂದೇ ಮನೆಯಲ್ಲಿ, ಒಂದೇ ದುಡಿಮೆಯಲ್ಲಿ ಬೆಳೆದ ಇಬ್ಬರಲ್ಲಿ ಒಬ್ಬ ಹಿಂದುಳಿದರೆ ಅವನ ಗತಿಯೇನು? ಇನ್ನೊಂದು ಕಡೆ ಸಿರಿವಂತರ ಹುಡುಗ ಜಾವೇದ್ ಇದ್ದಾನೆ. ಆಟ ಕೈಬಿಟ್ಟರೂ ಅವನ ಬದುಕು ನಿಲ್ಲುವುದಿಲ್ಲ. ಅವನ ಮೇಲೆ ಮಂಜುಗೆ ಹುಟ್ಟುವ ಒಲವನ್ನೂ ಸರಣಿ ಗೇಲಿ ಮಾಡದೆ ತೋರಿಸುತ್ತದೆ. ಗಂಡಸುತನದ ಮಾತೇ ತುಂಬಿರುವ ಮೈದಾನದಲ್ಲಿ ಅದನ್ನು ಹೇಳಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಅರ್ಥವಾಗುತ್ತದೆ.

ಕೊರತೆಯೂ ಇದೆ. ಹೆಚ್ಚಿನ ಭಾರವನ್ನು ಸರಣಿ ತಂದೆಯ ಹಟದ ಮೇಲೆ ಹೊರಿಸುತ್ತದೆ. ಹಳ್ಳಿಯವರಿಗೆ ಅದಕ್ಕೂ ಮೊದಲು ಎದುರಾಗುವುದು ದೂರ. ಗದಗದ ಸುನಿಲ್ ಜೋಶಿ ಶಾಲೆಯಲ್ಲಿದ್ದಾಗ ಬೆಳಿಗ್ಗೆಯೇ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಊರಿಗೆ ಮರಳುತ್ತಿದ್ದರು. ಮುಂದೆ ಭಾರತಕ್ಕಾಗಿ 15 ಟೆಸ್ಟ್, 69 ಏಕದಿನ ಪಂದ್ಯ ಆಡಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್‌ಗಳಲ್ಲಿ ಬರೀ 6 ರನ್ ಕೊಟ್ಟು 5 ವಿಕೆಟ್ ಪಡೆದರು. 2020ರಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರೂ ಆದರು. ಇದನ್ನು ಹೇಳುವಾಗ ನಾವು ಪರಿಶ್ರಮವನ್ನಷ್ಟೇ ಹೊಗಳುತ್ತೇವೆ. ಬಸ್ ಚಾರ್ಜಿಗೆ ದುಡ್ಡಿಲ್ಲದೆ ಊರಲ್ಲೇ ಉಳಿದವರ ಲೆಕ್ಕ ಯಾರ ಬಳಿಯೂ ಇಲ್ಲ. ಚಿಕ್ಕನರಗುಂದದಂಥ ಊರಿನ ಹುಡುಗಿಯಾದರಂತೂ ನಸುಕಿನಲ್ಲಿ ಒಬ್ಬಳೇ ಹೊರಡಲು ಮೊದಲು ಮನೆಯವರನ್ನು ಒಪ್ಪಿಸಬೇಕು. ಸರಣಿಯ ನಡುವೆ ನಿಂತಿರುವುದು ಹುಡುಗರ ಕಥೆಯೇ.

ಸಿಇಟಿ ರ‍್ಯಾಂಕ್, ನೇಮಕಾತಿಯ ಪಟ್ಟಿ, ಕ್ಯಾಂಪಸ್ ಸಂದರ್ಶನ ಇವೆಲ್ಲ ನಮ್ಮ ‘ಸೆಲೆಕ್ಷನ್ ಡೇ’ಗಳು. ಹುದ್ದೆಗಳು ಕೆಲವೇ ಇರುವಾಗ ಬಹುಪಾಲು ಜನ ಪಟ್ಟಿಯಿಂದ ಹೊರಗೇ ಉಳಿಯುತ್ತಾರೆ. ಅವರೆಲ್ಲ ಸೋಮಾರಿಗಳಲ್ಲ. ತಾಲ್ಲೂಕಿಗೊಂದು ಒಳ್ಳೆಯ ಮೈದಾನ, ಅಲ್ಲೊಬ್ಬ ತರಬೇತುದಾರ ಇರಬೇಕೆಂದು ಸರ್ಕಾರವನ್ನು ಕೇಳೋಣ. ಮನೆಯಲ್ಲಿ ಕೇಳಬೇಕಾದದ್ದೂ ಒಂದಿದೆ. ಸಾಲ ಮಾಡುವ ಮೊದಲು ಮಗನನ್ನೋ ಮಗಳನ್ನೋ ಕೂರಿಸಿಕೊಂಡು ‘ನಿನಗೇನು ಬೇಕು? ಇದು ಆಗದಿದ್ದರೆ ಮುಂದೇನು?’ ಎಂದು ಅಪ್ಪ ಅವ್ವ ಮಾತಾಡಲಿ. ಅವರು ಕೇಳದಿದ್ದರೆ ಆ ಮಾತನ್ನು ನಾವೇ ತೆಗೆಯೋಣ.

– ಬಿ.ಇ. ವಿದ್ಯಾರ್ಥಿ, ಚಿಕ್ಕನರಗುಂದ