ಶರಣಾಗತರ ಹೊಣೆ ಯಾರದು?

ಯುದ್ಧದ ಬೆಂಕಿಗೆ ಮನೆಮಠಗಳನ್ನು ಕಳೆದುಕೊಂಡು ಓಡಿಬಂದವರಿಗೆ ನೆರಳನ್ನು ಕೊಡುವುದು ಧರ್ಮವೆಂಬ ಮಾತನ್ನು ಇಂದು ಯಾವ ರಾಜ್ಯವೂ ಬಹಿರಂಗವಾಗಿ ಅಲ್ಲಗಳೆಯುವುದಿಲ್ಲ. ಸಭೆಗಳಲ್ಲಿ ಎಲ್ಲರೂ ತಲೆದೂಗುವರು. ಗೊತ್ತುವಳಿಗಳಿಗೆ ಎಲ್ಲರೂ ಕೈಯೆತ್ತುವರು. ಆದರೆ ಆ ನೆರಳು ಯಾರ ಮನೆಯ ಜಗಲಿಯ ಮೇಲೆ ದೊರೆಯಬೇಕೆಂಬ ಪ್ರಶ್ನೆ ಹುಟ್ಟಿದೊಡನೆ, ತಲೆದೂಗಿದವರೇ ಒಬ್ಬೊಬ್ಬರಾಗಿ ಹಿತ್ತಿಲ ಬಾಗಿಲಿನಿಂದ ಜಾರುವರು. ಉಳಿಯುವವನು ಯಾರು? ಉರಿಯುವ ಮನೆಯ ಪಕ್ಕದ ಮನೆಯವನು. ಅವನು ಉಳಿಯುವುದು ಔದಾರ್ಯದಿಂದಲೇ ಎಂದು ಹೇಳಲಾಗದು. ಜಾರಿಹೋಗಲು ಅವನಿಗೆ ಹಿತ್ತಿಲೇ ಇಲ್ಲ. ನಿರಾಶ್ರಿತರ ರಕ್ಷಣೆಯ ವಿಷಯದಲ್ಲಿ ಇಂದಿನ ಲೋಕವ್ಯವಸ್ಥೆಯೆಂಬುದು ಇಷ್ಟೇ. ನೆರೆಹೊರೆಯ ಆಕಸ್ಮಿಕವನ್ನು ನ್ಯಾಯವೆಂದು ನಂಬಿಸುವ ಈ ಏರ್ಪಾಡು ಸರ್ವಥಾ ಒಪ್ಪತಕ್ಕುದಲ್ಲವೆಂದು ತೋರಿಸುವುದೇ ಈ ಲೇಖನದ ಉದ್ದೇಶವು.

ಮೊದಲು ಅಂಕೆಗಳನ್ನು ನೋಡೋಣ. ಸಂಯುಕ್ತ ರಾಷ್ಟ್ರ ಸಂಸ್ಥೆಯ ನಿರಾಶ್ರಿತರ ಹೈಕಮಿಷನರವರ ಕಚೇರಿಯ ಗಣನೆಯಂತೆ, ೨೦೨೪ನೆಯ ಇಸವಿಯ ಕೊನೆಯಲ್ಲಿ ಯುದ್ಧ, ಹಿಂಸೆ, ಪೀಡನೆಗಳಿಂದ ನೆಲೆತಪ್ಪಿದವರು ಜಗತ್ತಿನಲ್ಲಿ ೧೨ ಕೋಟಿ ೩೨ ಲಕ್ಷ ಮಂದಿ. ಇವರಲ್ಲಿ ಹೆಚ್ಚಿನವರು ತಮ್ಮ ದೇಶದ ಎಲ್ಲೆಯೊಳಗೇ ಅಲೆಯುವವರು. ಗಡಿಯನ್ನು ದಾಟಿ ನಿರಾಶ್ರಿತರೆನಿಸಿಕೊಂಡವರು ೪ ಕೋಟಿ ೨೭ ಲಕ್ಷ. ಹೀಗೆ ದಾಟಿದವರಲ್ಲಿ ನೂರಕ್ಕೆ ೬೭ ಮಂದಿ ನೆರೆಯ ದೇಶದಲ್ಲಿಯೇ ನಿಂತಿರುವರು. ನೂರಕ್ಕೆ ೭೩ ಮಂದಿಗೆ ಇಂಬುಗೊಟ್ಟಿರುವ ದೇಶಗಳು ಕಡಿಮೆ ಅಥವಾ ನಡುತರದ ವರಮಾನವುಳ್ಳವು. ಶ್ರೀಮಂತ ದೇಶಗಳ ಪತ್ರಿಕೆಗಳನ್ನು ಓದುವವರಿಗಾದರೋ, ಇಡೀ ಜಗತ್ತೇ ಯುರೋಪಿನ ಕದವನ್ನು ಮುರಿಯಲು ಹೊರಟಿದೆಯೆಂದು ತೋರುವುದು. ಗದ್ದಲವೊಂದು ಕಡೆ, ಹೊರೆಯೊಂದು ಕಡೆ!

ಲೆಬನಾನ್ ದೇಶವು ವಿಸ್ತಾರದಲ್ಲಿ ನಮ್ಮ ಬೆಳಗಾವಿ ಜಿಲ್ಲೆಗಿಂತಲೂ ಚಿಕ್ಕದು. ೨೦೧೧ರಲ್ಲಿ ಸಿರಿಯಾದ ಅಂತರ್ಯುದ್ಧವು ಮೊದಲಾದ ಬಳಿಕ ಆ ಪುಟ್ಟ ನಾಡಿಗೆ ಹತ್ತು ಲಕ್ಷಕ್ಕೆ ಮಿಕ್ಕಿ ಜನರು ಬಂದು ಸೇರಿದರು; ಒಂದು ಕಾಲದಲ್ಲಿ ಅಲ್ಲಿ ವಾಸಿಸುವ ನಾಲ್ವರಲ್ಲಿ ಒಬ್ಬನು ನಿರಾಶ್ರಿತನಾಗಿದ್ದನು. ತುರ್ಕಸ್ಥಾನವು ೩೬ ಲಕ್ಷಕ್ಕೆ ಮಿಕ್ಕಿ ಜನರನ್ನು ಹೊತ್ತುಕೊಂಡಿತು. ಡಿಸೆಂಬರ್ ೨೦೨೪ರಲ್ಲಿ ದಮಾಸ್ಕಸಿನ ಸರ್ಕಾರವು ಉರುಳಿದ ಮೇಲೆ ಲಕ್ಷಗಟ್ಟಲೆ ಜನರು ತಾಯ್ನಾಡಿಗೆ ಮರಳಿರುವರು. ಆದರೆ ಆ ಹದಿಮೂರು ವರ್ಷಗಳ ಭಾರದ ದೊಡ್ಡ ಪಾಲನ್ನು ಹೊತ್ತವರು ನೆರೆಯವರೇ. ಏಪ್ರಿಲ್ ೨೦೨೩ರಲ್ಲಿ ಸೂಡಾನಿನಲ್ಲಿ ಸೇನಾಪತಿಗಳ ಕಾಳಗವು ಹೊತ್ತಿಕೊಂಡಾಗ, ಮರುಭೂಮಿಯ ಅಂಚಿನ ಬಡನಾಡಾದ ಚಾಡ್ ಗಡಿಯನ್ನು ಮುಚ್ಚಲಿಲ್ಲ. ಅಲ್ಲಿ ಈಗ ಹತ್ತು ಲಕ್ಷಕ್ಕೆ ಹೆಚ್ಚು ನಿರಾಶ್ರಿತರಿರುವರು. ಉಗಾಂಡವು ಹದಿನೇಳು ಲಕ್ಷಕ್ಕೆ ಮೇಲ್ಪಟ್ಟು ಜನರನ್ನು ಇರಗೊಟ್ಟು, ೨೦೦೬ನೆಯ ತನ್ನ ಕಾಯಿದೆಯ ಮೇರೆಗೆ ಅವರಿಗೆ ದುಡಿಯುವ ಹಕ್ಕನ್ನೂ ಓಡಾಡುವ ಹಕ್ಕನ್ನೂ ಕೊಟ್ಟು, ವಸತಿಗಳಲ್ಲಿ ಉಳಲು ತುಂಡುನೆಲವನ್ನೂ ಒದಗಿಸಿದೆ. ಆತಿಥ್ಯವು ಐಶ್ವರ್ಯವನ್ನು ಅವಲಂಬಿಸಿದೆಯೆಂಬವರು ಈ ಹೆಸರುಗಳನ್ನು ಮತ್ತೊಮ್ಮೆ ಓದಿಕೊಳ್ಳಲಿ.

ಈ ಪಲಾಯನವಿದ್ಯೆಯೇನೂ ಇಂದಿನದಲ್ಲ. ಜುಲೈ ೧೯೩೮ರಲ್ಲಿ ಫ್ರಾನ್ಸಿನ ಎವಿಯಾನಿನಲ್ಲಿ ೩೨ ದೇಶಗಳ ಪ್ರತಿನಿಧಿಗಳು ಸೇರಿ, ಹಿಟ್ಲರನ ರಾಜ್ಯದಿಂದ ಹೊರಬೀಳುತ್ತಿದ್ದ ಯಹೂದ್ಯರ ಬಗೆಗೆ ಒಂಬತ್ತು ದಿನ ಕನಿಕರವನ್ನು ವ್ಯಕ್ತಪಡಿಸಿದರು. ಗಣ್ಯಸಂಖ್ಯೆಯಲ್ಲಿ ಕರೆದುಕೊಳ್ಳಲು ಮುಂದೆ ಬಂದುದು ಡೊಮಿನಿಕನ್ ಗಣರಾಜ್ಯವೊಂದೇ. ಮರುವರ್ಷ ೯೩೭ ಪ್ರಯಾಣಿಕರನ್ನು ಹೊತ್ತ ಸೇಂಟ್ ಲೂಯಿಸ್ ಎಂಬ ಹಡಗು ಕ್ಯೂಬಾದ ರೇವಿನಲ್ಲಿ ತಡೆಯಲ್ಪಟ್ಟು, ಅಮೆರಿಕದ ತೀರದ ದೀಪಗಳನ್ನು ದೂರದಿಂದ ಕಂಡು, ಯುರೋಪಿಗೆ ಹಿಂದಿರುಗಿತು. ಹಾಗೆ ಹಿಂದಿರುಗಿದವರಲ್ಲಿ ೨೫೪ ಮಂದಿ ಮುಂದೆ ನಾಜಿಗಳ ಕೈಯಲ್ಲಿ ಸತ್ತರು. ಆ ಪಶ್ಚಾತ್ತಾಪದ ಫಲವೇ ಜುಲೈ ೧೯೫೧ರಲ್ಲಿ ಜಿನೀವಾದಲ್ಲಿ ಸಿದ್ಧವಾದ ನಿರಾಶ್ರಿತರ ಒಡಂಬಡಿಕೆ.

ಆ ಒಡಂಬಡಿಕೆಯ ಪ್ರಾಣದಂತಿರುವುದು ಅದರ ೩೩ನೆಯ ವಿಧಿ: ಯಾವನ ಜೀವಕ್ಕೆ ಅಥವಾ ಸ್ವಾತಂತ್ರ್ಯಕ್ಕೆ ಅಪಾಯವುಂಟೋ ಅವನನ್ನು ಆ ಅಪಾಯದ ನೆಲಕ್ಕೆ ಮರಳಿ ನೂಕಕೂಡದು. ಇದು ಉದಾತ್ತವಾದ ಮಾತೆಂಬುದರಲ್ಲಿ ಸಂಶಯವಿಲ್ಲ. ಆದರೆ ಇದು ಕಟ್ಟಿಹಾಕುವುದು, ಯಾವ ರಾಜ್ಯದ ಬಾಗಿಲಿಗೆ ಅವನು ಬಂದು ನಿಂತನೋ ಆ ರಾಜ್ಯವನ್ನು ಮಾತ್ರ. ಕೆಲವು ದೇಶಗಳ ಮೇಲೆ ಹೊರೆಯು ಮಿತಿಮೀರಿ ಬೀಳಬಹುದೆಂದೂ, ಅಂತರರಾಷ್ಟ್ರೀಯ ಸಹಕಾರವಿಲ್ಲದೆ ಪರಿಹಾರವಿಲ್ಲವೆಂದೂ ಪೀಠಿಕೆಯಲ್ಲಿ ಒಪ್ಪಿಕೊಂಡ ಅದೇ ಒಡಂಬಡಿಕೆಯು, ಆ ಸಹಕಾರವನ್ನು ಯಾರು ಎಷ್ಟು ಮಾಡಬೇಕೆಂಬುದನ್ನು ಒಂದು ವಿಧಿಯಲ್ಲಿಯೂ ಗೊತ್ತುಮಾಡಲಿಲ್ಲ. ಪೀಠಿಕೆಯಲ್ಲಿ ಧರ್ಮ, ವಿಧಿಗಳಲ್ಲಿ ಮೌನ! ಡಿಸೆಂಬರ್ ೨೦೧೮ರಲ್ಲಿ ಸಂಯುಕ್ತ ರಾಷ್ಟ್ರ ಸಂಸ್ಥೆಯ ಮಹಾಸಭೆಯು ೧೮೧ ಮತಗಳಿಂದ ಒಪ್ಪಿದ ಹೊಸ ಒಪ್ಪಂದವು ಹೊಣೆ ಹಂಚಿಕೊಳ್ಳುವ ಮಾತನ್ನು ವಿಸ್ತಾರವಾಗಿ ಆಡಿತೇನೋ ಸರಿ. ಆದರೆ ಅದು ಯಾರನ್ನೂ ಕಟ್ಟುವುದಲ್ಲವೆಂದು ತಾನೇ ಹೇಳಿಕೊಂಡಿತು. ಅಷ್ಟನ್ನು ಕೂಡ ಅಮೆರಿಕ ಮತ್ತು ಹಂಗೆರಿಗಳು ವಿರೋಧಿಸಿದುವು.

ಕಾನೂನಿನ ಈ ಬಿರುಕಿನಲ್ಲಿ ಒಂದು ಹೊಸ ಕಲೆಯು ಬೆಳೆದಿದೆ. ಬಂದವನನ್ನು ನೂಕಕೂಡದಷ್ಟೆ, ಬರಗೊಡದಿದ್ದರಾಯಿತು! ಆಗಸ್ಟ್ ೨೦೦೧ರಲ್ಲಿ ಟಾಂಪಾ ಎಂಬ ಹಡಗು ಸಮುದ್ರದಿಂದೆತ್ತಿದ ೪೩೩ ಜನರಿಗೆ ಆಸ್ಟ್ರೇಲಿಯವು ತನ್ನ ದಡವನ್ನು ನಿರಾಕರಿಸಿತು. ಆಮೇಲೆ ಬಂದವರನ್ನು ನೌರು, ಮಾನುಸ್ ದ್ವೀಪಗಳಲ್ಲಿಡುವ ಪದ್ಧತಿಯನ್ನು ನಡಸಿತು. ಮಾರ್ಚ್ ೨೦೧೬ರಲ್ಲಿ ಐರೋಪ್ಯ ಒಕ್ಕೂಟವು ತುರ್ಕಸ್ಥಾನದೊಡನೆ ಮಾತು ಮುಗಿಸಿ, ೬೦೦ ಕೋಟಿ ಯೂರೋ ಹಣದ ಭರವಸೆಯೊಡನೆ, ಜನರನ್ನು ಅಲ್ಲಿಯೇ ತಡೆಯಿಸಿತು. ಏಪ್ರಿಲ್ ೨೦೨೨ರಲ್ಲಿ ಬ್ರಿಟನ್ ತನ್ನಲ್ಲಿಗೆ ಬಂದವರನ್ನು ಸಾವಿರಾರು ಮೈಲಿಯಾಚೆಯ ರುವಾಂಡಕ್ಕೆ ಸಾಗಿಸುವ ಯೋಜನೆ ಹೂಡಿತು. ನವೆಂಬರ್ ೨೦೨೩ರಲ್ಲಿ ಅದರ ಸರ್ವೋಚ್ಚ ನ್ಯಾಯಾಲಯವೇ ಇದು ಕಾನೂನಿಗೆ ವಿರುದ್ಧವೆಂದಿತು. ೨೦೨೪ರಲ್ಲಿ ಹೊಸ ಸರ್ಕಾರವು ಅದನ್ನು ಕೈಬಿಟ್ಟಿತು. ಕಾಯಿದೆಯ ಅಕ್ಷರವನ್ನು ಕಾಪಾಡಿ ಅದರ ಆತ್ಮವನ್ನು ಕೊಲ್ಲುವ ಈ ಜಾಣತನಕ್ಕೆ ನೀತಿಯೆಂಬ ಹೆಸರು ಸಲ್ಲದು.

ಇದಕ್ಕೆ ಪ್ರತಿಯಾಗಿ ಅವರು ಹೇಳುವ ಸಮಾಧಾನಗಳು ಮುಖ್ಯವಾಗಿ ಮೂರು. ಮೊದಲನೆಯದು: “ನಾವು ಹಣವನ್ನು ಕೊಡುತ್ತಿಲ್ಲವೇ?” ಕೊಡುತ್ತಿರುವರು, ಅದಕ್ಕಾಗಿ ಕೃತಜ್ಞತೆ ಸಲ್ಲಬೇಕು. ಆದರೆ ಆ ಹಣವು ಇಷ್ಟ ಬಂದಾಗ ಕೊಡುವ ದಾನ, ತೀರಿಸಲೇಬೇಕಾದ ಸಾಲವಲ್ಲ. ಮ್ಯಾನ್ಮಾರಿನಿಂದ ಆಗಸ್ಟ್ ೨೦೧೭ರ ಬಳಿಕ ಕೆಲವೇ ತಿಂಗಳುಗಳಲ್ಲಿ ಏಳು ಲಕ್ಷಕ್ಕೆ ಮಿಕ್ಕಿ ರೋಹಿಂಗ್ಯರು ಬಾಂಗ್ಲಾದೇಶಕ್ಕೆ ಓಡಿಬಂದರಷ್ಟೆ. ದಾನಿಗಳ ಉತ್ಸಾಹ ಕುಗ್ಗಿದಾಗ, ೨೦೨೩ರಲ್ಲಿ ಅವರ ಆಹಾರದ ತಿಂಗಳ ಪಾಲನ್ನು ತಲೆಗೆ ೧೨ ಡಾಲರಿನಿಂದ ಮೊದಲು ೧೦ಕ್ಕೂ ಮೂರೇ ತಿಂಗಳಲ್ಲಿ ೮ಕ್ಕೂ ಇಳಿಸಬೇಕಾಯಿತು. ಮುಂದಿನ ವರ್ಷ ಅದು ಪುನಃ ಏರಿತು ನಿಜ. ಆದರೆ ದೂರದ ರಾಜಧಾನಿಯೊಂದರ ಮನಃಸ್ಥಿತಿಯ ಮೇಲೆ ಮಗುವಿನ ತುತ್ತು ಏರಿಳಿಯುವುದಾದರೆ, ಅದನ್ನು ಹೊಣೆಗಾರಿಕೆ ಎನ್ನಬಹುದೇ? ಅದಲ್ಲದೆ ಹಣವು ಶಾಲೆಯ ಕೊಠಡಿಯನ್ನು ಕಟ್ಟೀತು, ನೆಲವನ್ನು ಹಿಗ್ಗಿಸಲಾರದು; ಬತ್ತಿದ ಬಾವಿಯನ್ನು ತುಂಬಲಾರದು.

ಎರಡನೆಯದು: “ಭಾಷೆ, ಮತ, ಆಚಾರಗಳು ಹೊಂದುವ ನೆರೆನಾಡೇ ಅವರಿಗೆ ಸಹಜವಾದ ತಾಣ.” ಈ ವಾದದ ಬೆಲೆಯನ್ನು ಕಟ್ಟಲು ನಾವು ದೂರ ಹೋಗಬೇಕಾಗಿಲ್ಲ. ಎರಡನೆಯ ಮಹಾಯುದ್ಧದಲ್ಲಿ ರಷ್ಯದವರು ಸೈಬೀರಿಯಾ ಮುಂತಾದೆಡೆಗೆ ಗಡೀಪಾರು ಮಾಡಿದ್ದ ಪೋಲೆಂಡಿನ ಜನರು ಬಿಡುಗಡೆ ಹೊಂದಿ, ೧೯೪೨ರಲ್ಲಿ ಇರಾನಿನ ಮಾರ್ಗವಾಗಿ ಹೊರಬಿದ್ದರು. ಅವರ ಮಕ್ಕಳಿಗೆ ನವಾನಗರದ ಜಾಮ್‌ಸಾಹೇಬ ದಿಗ್ವಿಜಯಸಿಂಹಜಿಯವರು ಬಾಲಾಚಡಿಯಲ್ಲಿ ಮನೆ ಮಾಡಿಕೊಟ್ಟರು. ನಮ್ಮ ಬೆಳಗಾವಿಗೆ ಅನತಿದೂರದ ಕೊಲ್ಹಾಪುರದ ಬಳಿ, ವಳಿವಡೆಯಲ್ಲಿ, ಸುಮಾರು ಐದು ಸಾವಿರ ಪೋಲಿಷರು ೧೯೪೩ರಿಂದ ಐದು ವರ್ಷ ಬಾಳಿದರು. ಇನ್ನೂ ಕೆಲವು ಸಾವಿರ ಜನರಿಗೆ ಟಾಂಗಾನಿಕ, ಉಗಾಂಡಗಳಲ್ಲಿ ನೆಲೆಯಾಯಿತು. ಕೊಲ್ಹಾಪುರದ ರೈತನಿಗೂ ಪೋಲೆಂಡಿನ ವಿಧವೆಗೂ ಯಾವ ಭಾಷೆ, ಯಾವ ಮತ, ಯಾವ ಆಚಾರ ಸಮಾನವಾಗಿದ್ದಿತು? ಅಂದು ಆಫ್ರಿಕ ಮತ್ತು ಇಂಡಿಯಗಳು ಯುರೋಪಿನ ನಿರಾಶ್ರಿತರಿಗೆ ಪರಕೀಯವಾಗಲಿಲ್ಲ. ಇಂದು ಯುರೋಪು ಮಾತ್ರ ಆಫ್ರಿಕದವನಿಗೆ ಪರಕೀಯವಾಯಿತೇ? ಸೆಪ್ಟೆಂಬರ್ ೨೦೧೫ರಲ್ಲಿ ಐರೋಪ್ಯ ಒಕ್ಕೂಟವು ಇಟಲಿ, ಗ್ರೀಸುಗಳಿಂದ ೧ ಲಕ್ಷ ೬೦ ಸಾವಿರ ಜನರನ್ನು ಸದಸ್ಯರೊಳಗೆ ಹಂಚಲು ನಿಶ್ಚಯಿಸಿದಾಗ, ಒಬ್ಬನನ್ನೂ ಕರೆದುಕೊಳ್ಳದವರಲ್ಲಿ ಅದೇ ಪೋಲೆಂಡೂ ಒಂದು. ಆ ಯೋಜನೆಯಲ್ಲಿ ಸ್ಥಳ ಹೊಂದಿದವರು ೩೫ ಸಾವಿರಕ್ಕೂ ಕಡಿಮೆ.

ಮೂರನೆಯದು: “ಇದು ನೆರೆಯ ನೀರು, ಹಂಚಿಕೊಳ್ಳುವುದು ಅಸಾಧ್ಯ.” ಅಸಾಧ್ಯವೆಂಬುದು ಸುಳ್ಳು. ೧೯೫೬ರಲ್ಲಿ ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟನ್ನು ತುಳಿದಾಗ, ಹಂಗೆರಿಯಿಂದ ಸುಮಾರು ಎರಡು ಲಕ್ಷ ಜನರು ಆಸ್ಟ್ರಿಯ, ಯುಗೋಸ್ಲಾವಿಯಗಳಿಗೆ ಓಡಿದರು. ಮೂರು ವರ್ಷಗಳೊಳಗೆ ಅವರಲ್ಲಿ ೧ ಲಕ್ಷ ೮೦ ಸಾವಿರದಷ್ಟು ಜನರನ್ನು ೩೭ ದೇಶಗಳು ಹಂಚಿಕೊಂಡುವು. ಅದೇ ಹಂಗೆರಿಯು ೨೦೧೫ರಲ್ಲಿ ಗಡಿಗೆ ಮುಳ್ಳುತಂತಿಯ ಬೇಲಿ ಹಾಕಿತು! ಜುಲೈ ೧೯೭೯ರಲ್ಲಿ ಜಿನೀವಾದಲ್ಲಿ ನೆರೆದ ದೇಶಗಳು, ವಿಯೆಟ್ನಾಮ್, ಲಾವೋಸ್, ಕಾಂಬೋಡಿಯಗಳಿಂದ ಹೊರಬಿದ್ದವರಿಗೆ ತಾವು ಕೊಡುವ ಸ್ಥಾನಗಳನ್ನು ೧ ಲಕ್ಷ ೨೫ ಸಾವಿರದಿಂದ ೨ ಲಕ್ಷ ೬೦ ಸಾವಿರಕ್ಕೆ ಏರಿಸಿದುವು. ಜರ್ಮನಿಯು ೨೦೧೫ರಲ್ಲಿ ಒಂದೇ ವರ್ಷದಲ್ಲಿ ಎಂಟು ಲಕ್ಷಕ್ಕೆ ಮಿಕ್ಕಿ ಜನರನ್ನು ಒಳಗೆ ಬಿಟ್ಟುಕೊಂಡು ತನ್ನ ನೆರೆಯವರನ್ನು ನಾಚಿಸಿತು. ಇನ್ನು ಮಾರ್ಚ್ ೨೦೨೨ರಲ್ಲಿ, ಯುಕ್ರೇನಿನ ಮೇಲೆ ರಷ್ಯದ ದಂಡಯಾತ್ರೆ ನಡೆದ ಕೆಲವೇ ದಿನಗಳಲ್ಲಿ, ಐರೋಪ್ಯ ಒಕ್ಕೂಟವು ೨೦೦೧ರಿಂದ ಮೂಲೆಯಲ್ಲಿ ಬಿದ್ದಿದ್ದ ತಾತ್ಕಾಲಿಕ ರಕ್ಷಣೆಯ ನಿಯಮವನ್ನು ಮೊದಲ ಬಾರಿಗೆ ಜಾರಿಗೆ ತಂದು, ಸುಮಾರು ನಲವತ್ತು ಲಕ್ಷ ಜನರಿಗೆ ವಾಸ, ಕೆಲಸ, ವಿದ್ಯೆಗಳ ಹಕ್ಕನ್ನು ಕೊಟ್ಟಿತು. ಪೋಲೆಂಡು ಅಂದು ಮುಂಚೂಣಿಯಲ್ಲಿ ನಿಂತಿತು. ಅದು ಶ್ಲಾಘ್ಯವೇ ಸರಿ. ಆದರೆ ನಲವತ್ತು ಲಕ್ಷ ಸಾಧ್ಯವಾದ ಮನೆಯಲ್ಲಿ ೧ ಲಕ್ಷ ೬೦ ಸಾವಿರ ಹೇಗೆ ಅಸಾಧ್ಯವಾಯಿತು? ಕೊರತೆಯಿದ್ದುದು ಅನ್ನದಲ್ಲಲ್ಲ, ಮನಸ್ಸಿನಲ್ಲಿ.

ಪರರ ಲೆಕ್ಕವನ್ನು ಕೇಳುವವನು ತನ್ನ ಲೆಕ್ಕವನ್ನೂ ಒಪ್ಪಿಸಬೇಕು. ಭಾರತದ ಲೆಕ್ಕಪುಸ್ತಕದಲ್ಲಿ ಜಮೆಯ ಪುಟಗಳು ಬಹಳವುಂಟು. ೧೯೭೧ರಲ್ಲಿ ಪೂರ್ವ ಬಂಗಾಳದಿಂದ ಸುಮಾರು ಒಂದು ಕೋಟಿ ಜನರು ಬಂದರು. ತ್ರಿಪುರದಲ್ಲಿ ಬಂದವರ ಸಂಖ್ಯೆಯು ಇದ್ದವರ ಸಂಖ್ಯೆಗೆ ಹೆಚ್ಚು ಕಡಿಮೆ ಸಮನಾಗಿದ್ದಿತು. ಆ ನವೆಂಬರಿನಿಂದ ಈ ದೇಶದ ಬಡವನೂ ಕಾಗದವೊಂದಕ್ಕೆ ಐದು ಪೈಸೆಯ ನಿರಾಶ್ರಿತರ ಪರಿಹಾರದ ಅಂಚೆಚೀಟಿಯನ್ನು ಹೆಚ್ಚಾಗಿ ಅಂಟಿಸಿದನು. ನಮ್ಮ ರಾಜ್ಯವು ಟಿಬೆಟಿನ ಜನರಿಗೆ ಬೈಲುಕುಪ್ಪೆಯಲ್ಲಿಯೂ, ಮುಂದೆ ಹುಣಸೂರು, ಕೊಳ್ಳೇಗಾಲ, ಮುಂಡಗೋಡುಗಳ ಸೀಮೆಯಲ್ಲಿಯೂ ನೆಲವನ್ನು ಕೊಟ್ಟಿತು. ಅವರು ಕಾಡು ಕಡಿದು ಜೋಳ ಬೆಳೆದರು, ವಿಹಾರಗಳನ್ನು ಕಟ್ಟಿದರು. ಅದರಿಂದ ನಮ್ಮ ನಾಡೇನೂ ಬಡವಾಗಲಿಲ್ಲ.

ಆದರೆ ಈ ಎಲ್ಲ ದಯೆಯೂ ನಿಂತಿರುವುದು ಸರ್ಕಾರದ ಚಿತ್ತದ ಮೇಲೆಯೇ ಹೊರತು ಕಾಯಿದೆಯ ಮೇಲಲ್ಲ. ಭಾರತವು ೧೯೫೧ರ ಒಡಂಬಡಿಕೆಗೆ ಸೇರಿಲ್ಲ. ನಿರಾಶ್ರಿತರಿಗೆಂದು ಪ್ರತ್ಯೇಕ ಶಾಸನವನ್ನೂ ಮಾಡಿಲ್ಲ. ೧೯೪೬ನೆಯ ವಿದೇಶೀಯರ ಕಾಯಿದೆಯ ಸ್ಥಾನದಲ್ಲಿ ೨೦೨೫ರಲ್ಲಿ ಹೊಸ ಕಾಯಿದೆ ಬಂದರೂ, ಪ್ರಾಣಭಯದಿಂದ ಓಡಿಬಂದವನೂ ಅನುಮತಿಯಿಲ್ಲದೆ ನುಸುಳಿದವನೂ ಅದರ ಕಣ್ಣಿಗೆ ಒಂದೇ. ಕೆಲವು ಪಂಗಡಗಳಿಗೆ ಮಾತ್ರ ಆಜ್ಞೆಯ ಮೂಲಕ ವಿನಾಯಿತಿ. ೧೯೯೬ರಲ್ಲಿ ಅರುಣಾಚಲದ ಚಕ್ಮರ ಪ್ರಾಣವನ್ನು ರಾಜ್ಯವು ಕಾಯಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು ವಿಧಿಸಿತು. ಏಪ್ರಿಲ್ ೨೦೨೧ರಲ್ಲಿ ಜಮ್ಮುವಿನಲ್ಲಿ ಹಿಡಿದಿಟ್ಟಿದ್ದ ರೋಹಿಂಗ್ಯರ ವಿಷಯದಲ್ಲಾದರೋ, ನಿಯತಕ್ರಮವನ್ನು ಅನುಸರಿಸಿ ಗಡೀಪಾರು ಮಾಡಲು ಅಡ್ಡಿಯಿಲ್ಲವೆಂಬಂತಾಯಿತು. ಒಬ್ಬನಿಗೆ ಭೂಮಿ, ಒಬ್ಬನಿಗೆ ಬಂದೀಖಾನೆ; ನಡುವೆ ಅಳತೆಗೋಲಿಲ್ಲ. ಅಳತೆಗೋಲಿಲ್ಲದ ದಯೆಯು ಕೃಪೆಯಾದೀತು, ನ್ಯಾಯವಾಗದು. ಶ್ರೀಮಂತ ದೇಶಗಳನ್ನು ಆಕ್ಷೇಪಿಸುವ ನಮ್ಮ ಧ್ವನಿಗೆ ತೂಕ ಬರಬೇಕಾದರೆ ಈ ನ್ಯೂನತೆಯನ್ನು ನಾವೇ ತಿದ್ದಿಕೊಳ್ಳಬೇಕು.

ಹಾಗಾದರೆ ಆಗಬೇಕಾದುದೇನು? ಮೊದಲನೆಯದಾಗಿ, ಜನಸಂಖ್ಯೆ ಮತ್ತು ಸಂಪತ್ತುಗಳನ್ನು ಅಳೆದು ಪ್ರತಿಯೊಂದು ದೇಶದ ಪಾಲನ್ನು ಗೊತ್ತುಮಾಡುವ, ಎಲ್ಲರನ್ನೂ ಕಟ್ಟುವ ಕರಾರೊಂದು ಬೇಕು. ಮೂರನೆಯ ದೇಶಗಳಲ್ಲಿ ಹೊಸ ನೆಲೆ ದೊರೆಯುವುದು ಇಂದು ವರ್ಷಕ್ಕೆ ನೂರರಲ್ಲಿ ಒಬ್ಬನಿಗೂ ಇಲ್ಲ. ೧೯೮೦ರಲ್ಲಿ ಎರಡು ಲಕ್ಷಕ್ಕೆ ಹೆಚ್ಚು ಜನರನ್ನು ಬರಗೊಟ್ಟ ಅಮೆರಿಕವು ೨೦೨೬ನೆಯ ಆಯವ್ಯಯ ವರ್ಷಕ್ಕೆ ಇಟ್ಟ ಮಿತಿ ೭,೫೦೦. ಇಚ್ಛೆಗೆ ಬಿಟ್ಟ ಧರ್ಮವು ಎಲ್ಲಿಗೆ ಮುಟ್ಟುವುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಎರಡನೆಯದಾಗಿ, ಜನರನ್ನು ಕರೆದುಕೊಳ್ಳದ ದೇಶವು ಕೊಡುವ ಹಣವು ದಾನವಾಗಿರದೆ, ವರ್ಷವರ್ಷವೂ ತಪ್ಪದೆ ಸಲ್ಲಿಸುವ ಕಂದಾಯವಾಗಬೇಕು. ಮೂರನೆಯದಾಗಿ, ನಮ್ಮ ಸಂಸತ್ತು ಜಾತಿಮತಗಳನ್ನು ಕೇಳದೆ ಪ್ರಾಣಭಯವೊಂದನ್ನೇ ವಿಚಾರಿಸುವ ನಿರಾಶ್ರಿತರ ಶಾಸನವನ್ನು ಮಾಡಬೇಕು.

ವಿದ್ಯಾವಂತರ ಮನೆಗಳಲ್ಲಿ ಈ ವಿಷಯದ ಮಾತು ಬಂದಾಗ “ಅವರು ಬಂದರೆ ನಮ್ಮ ಗತಿಯೇನು?” ಎಂಬ ಪ್ರಶ್ನೆಯೇ ಮೊದಲು ಕೇಳಿಬರುವುದು. ಆ ಪ್ರಶ್ನೆಯು ಅಯುಕ್ತವಲ್ಲ. ಚಾಡಿನ ಬಡವನು ಅದನ್ನು ಕೇಳಿದರೆ ಉತ್ತರಿಸುವುದು ಕಷ್ಟ. ಆದರೆ ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ಕೇಳುತ್ತಿರುವವರು, ಯಾರ ಕಣಜವು ತುಂಬಿರುವುದೋ ಅವರೇ. ಯುದ್ಧವು ಯಾವ ಊರಿನ ಪಕ್ಕದಲ್ಲಿ ಹೊತ್ತಿಕೊಂಡೀತೆಂಬುದನ್ನು ಯಾರೂ ಆರಿಸಿಕೊಳ್ಳಲಾರರು. ಆರಿಸಿಕೊಳ್ಳಲಾಗದ ಭಾರವನ್ನು ಶಕ್ತಿಗೆ ತಕ್ಕಂತೆ ಹಂಚಿಕೊಳ್ಳುವುದೇ ನ್ಯಾಯ. ಪೋಲೆಂಡಿನವನು ವಳಿವಡೆಗೆ ಬಂದಂತೆ, ಹಂಗೆರಿಯವನು ಆಸ್ಟ್ರಿಯಕ್ಕೆ ಓಡಿದಂತೆ, ಇಂದು ಆಶ್ರಯ ಕೊಡುವವನು ನಾಳೆ ಆಶ್ರಯ ಬೇಡುವವನಾಗಬಹುದು. ಬಾಗಿಲನ್ನು ಮುಚ್ಚುವವರು ಇದನ್ನು ಮರೆಯದಿರಲಿ.